‘ಡಾ.’ ಬಿಟ್ಟವನು ಕೆಟ್ಟ

ನಮ್ಮ ಬಡಾವಣೆಯ ಕನ್ನಡ ಸಂಘಕ್ಕೆ ನಾನು ಕಾರ್ಯದರ್ಶಿ. ಸಂಬಳ ಇಲ್ಲ, ಬೈಗುಳ ಜಾಸ್ತಿ. ಕಳೆದ ರಾಜ್ಯೋತ್ಸವದ ಆಹ್ವಾನ ಪತ್ರಿಕೆಯಲ್ಲಿ ಮುಖ್ಯ ಅತಿಥಿಗಳ ಹೆಸರಿಗೆ ‘ಡಾ.’ ಹಾಕುವುದು ಬಿಟ್ಟುಹೋಯಿತು. ಒಂದು ಅಕ್ಷರ, ಒಂದು ಚುಕ್ಕಿ, ಅಷ್ಟೇ. ರಾತ್ರಿ ಹತ್ತಕ್ಕೆ ಅವರ ಕಡೆಯ ಹುಡುಗನ ಫೋನು: “ಏನ್ ಸಾರ್, ಅಣ್ಣನ ಡಾಕ್ಟರೇಟ್ ಕಿತ್ಕೊಂಡ್ಬಿಟ್ರಾ?”

ಅಣ್ಣ ಸೈಟು ಮಾರುವವರು. ಒಳ್ಳೆಯ ಮನುಷ್ಯ, ಗಣೇಶನಿಗೂ ಕೊಡುತ್ತಾರೆ, ಕ್ರಿಕೆಟ್ಟಿಗೂ ಕೊಡುತ್ತಾರೆ. ಹೋದ ವರ್ಷ ಒಂದು ಹೋಟೆಲಿನ ಹಾಲ್‌ನಲ್ಲಿ ಕಪ್ಪು ಗೌನು, ತಲೆಗೆ ಕುಚ್ಚಿನ ಟೋಪಿ ಹಾಕಿಕೊಂಡು ಬೆಳಿಗ್ಗೆ ಹನ್ನೊಂದಕ್ಕೆ ಡಾಕ್ಟರ್ ಆದರು, ಒಂದೂವರೆಗೆ ಅಲ್ಲೇ ಊಟ. ಪದವಿ ಕೊಡುವ ಹಕ್ಕು ಕಾಯ್ದೆಯ ಪ್ರಕಾರ ಹುಟ್ಟಿದ, ಇಲ್ಲವೇ ಸರ್ಕಾರ ಆ ಮಟ್ಟದ್ದೆಂದು ಒಪ್ಪಿದ ಸಂಸ್ಥೆಗೆ ಮಾತ್ರ ಅಂತ 1956ರ ಯುಜಿಸಿ ಕಾಯ್ದೆ ಹೇಳುತ್ತದೆ. ಪಾಪ, ಆ ಕಾಯ್ದೆ ಬರೆದವರಿಗೆ ಬಫೆ ಊಟದ ಶಕ್ತಿ ಗೊತ್ತಿರಲಿಲ್ಲ.

ಆಮೇಲೆ ಶುರುವಾಗಿದ್ದು ಕರೆಯುವ ಕಷ್ಟ. ಮೊದಲು ಊರಿಗೆಲ್ಲ ಅವರು ‘ಅಣ್ಣ’. ಈಗ ಹಾಗಂದರೆ ಮುಖ ಸಣ್ಣಗಾಗುತ್ತದೆ. ‘ಡಾಕ್ಟ್ರೇ’ ಅಂದರೆ ವೇದಿಕೆಯಲ್ಲಿ ಪಕ್ಕ ಕೂತ ಕ್ಲಿನಿಕ್ಕಿನ ಡಾಕ್ಟರು ತಿರುಗಿ ನೋಡುತ್ತಾರೆ. ಕೊನೆಗೆ ಹುಡುಗರೇ ದಾರಿ ಕಂಡುಹಿಡಿದರು: ‘ಡಾಕ್ಟ್ರಣ್ಣ’. ಫ್ಲೆಕ್ಸಿನಲ್ಲಿ ಅದು ಚೆನ್ನಾಗಿಯೂ ಕಾಣುತ್ತದೆ.

ಕ್ಲಿನಿಕ್ಕಿನ ಡಾಕ್ಟರದ್ದು ಇನ್ನೊಂದು ಕಥೆ. ಎಂಬಿಬಿಎಸ್‌ನಲ್ಲಿರುವ ಎರಡು ಬಿ ಅಂದರೆ ಬ್ಯಾಚುಲರ್, ಬ್ಯಾಚುಲರ್. ಲೆಕ್ಕಕ್ಕೆ ನಮ್ಮ ಬಿಎ, ಬಿಕಾಂ ಇದ್ದ ಹಾಗೆ. ಆದರೂ ನಡುರಾತ್ರಿ ಜ್ವರ ಬಂದಾಗ ಅವರೇ ಡಾಕ್ಟರು, ಅದರಲ್ಲಿ ನನಗೇನೂ ತಕರಾರಿಲ್ಲ. ಅತ್ತ ನಮ್ಮ ಬೀದಿ ಕೊನೆಯ ಕನ್ನಡ ಪ್ರಾಧ್ಯಾಪಕರು ಹಳೆಗನ್ನಡದ ಮೇಲೆ ಆರು ವರ್ಷ ಕಣ್ಣು ಕಳೆದುಕೊಂಡು ಪಿಎಚ್‌ಡಿ ಮಾಡಿದ್ದಾರೆ. ಅವರನ್ನು ಯಾರೂ ಡಾಕ್ಟ್ರೇ ಅನ್ನುವುದಿಲ್ಲ, “ಏನ್ ಮೇಷ್ಟ್ರೇ, ಹಾಲಿಗೆ ಹೊರಟ್ರಾ?” ಅಷ್ಟೇ. ತಮಾಷೆ ಏನೆಂದರೆ ಲ್ಯಾಟಿನ್ನಿನಲ್ಲಿ ಡಾಕ್ಟರ್ ಅಂದರೆ ಕಲಿಸುವವನು, ಅಂದರೆ ಮೇಷ್ಟ್ರೇ. ಹಾಲಿನ ಬೂತಿನವನೊಬ್ಬನೇ ಊರಲ್ಲಿ ಸರಿಯಾಗಿ ಕರೆಯುತ್ತಿರುವುದು.

ಗೌರವ ಡಾಕ್ಟರೇಟು ಪಡೆದವರು ಹೆಸರಿಗೆ ‘ಡಾ.’ ಸೇರಿಸಿಕೊಳ್ಳುವುದಿಲ್ಲ ಅನ್ನೋ ರೂಢಿ ಜಗತ್ತಿನ ಬಹಳ ಕಡೆ ಇದೆ. ನಮ್ಮಲ್ಲಿ ಅದನ್ನು ಹೇಳಲು ಹೋದರೆ ತಕ್ಷಣ ಬರುವ ಉತ್ತರ, “ಹಾಗಾದ್ರೆ ರಾಜ್‌ಕುಮಾರ್?” ಹೌದು, 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಕೊಟ್ಟಿತು, ಇವತ್ತು ರಸ್ತೆಯ ಬೋರ್ಡಿನಲ್ಲಿ ‘ಡಾ.’ ಇಲ್ಲದಿದ್ದರೆ ಆ ಹೆಸರೇ ಅರ್ಧ ಅನ್ನಿಸುತ್ತದೆ. ಆದರೆ ಕರೆಯುವಾಗ? ಅಣ್ಣಾವ್ರು. ಡಾಕ್ಟರೇಟು ಬಂದಮೇಲೂ ಅಣ್ಣನಾಗಿ ಉಳಿಯೋದು ಅವರಿಗೆ ಸಾಧ್ಯವಾಯಿತು, ನಮ್ಮ ಸೈಟಣ್ಣನಿಗೆ ಆಗುತ್ತಿಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯ ಈ ಗೋಜೇ ಬೇಡವೆಂದು ತನ್ನ ಗೌರವ ಪದವಿಗೆ ‘ನಾಡೋಜ’ ಅಂತ ಹೆಸರಿಟ್ಟಿತು. ಎಷ್ಟು ಚೆಂದದ ಮಾತು. ನಮ್ಮ ನಿರೂಪಕರು ಅದಕ್ಕೂ ಒಂದು ‘ಡಾ.’ ಅಂಟಿಸಿ ‘ನಾಡೋಜ ಡಾಕ್ಟರ್’ ಅಂತ ಕೂಗುತ್ತಾರೆ, ಎಲ್ಲಿ ಕಡಿಮೆ ಬಿದ್ದೀತೋ ಅಂತ.

ತಪ್ಪು ಸಂವಿಧಾನದ್ದೇ ಇರಬೇಕು. ಸೈನ್ಯ ಮತ್ತು ವಿದ್ಯೆಯದ್ದು ಬಿಟ್ಟು ಬೇರೆ ಬಿರುದನ್ನು ಸರ್ಕಾರ ಕೊಡುವಂತಿಲ್ಲ ಅನ್ನುತ್ತದೆ 18ನೇ ವಿಧಿ. ಪದ್ಮ ಪ್ರಶಸ್ತಿಯನ್ನು ಕೂಡ ಹೆಸರಿಗೆ ಸೇರಿಸಿಕೊಳ್ಳಬಾರದು ಅಂತ 1995ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬ್ರಿಟಿಷರ ಕಾಲದ ಬಿರುದಿನ ರಾವ್ ಬಹದ್ದೂರರ ಬಾಗಿಲು ಮುಚ್ಚಿತು, ಆದರೆ ವಿದ್ಯೆಯ ಕಿಟಕಿ ತೆರೆದೇ ಇತ್ತಲ್ಲ, ಅಷ್ಟೂ ಬಹದ್ದೂರರು ಪಂಚೆ ಎತ್ತಿ ಕಟ್ಟಿ ಅಲ್ಲಿಂದಲೇ ಒಳಗೆ ಇಳಿದರು.

ಸರಿ, ನಾನೇನು ಮಾಡಿದೆ? 2025ರ ಸೆಪ್ಟೆಂಬರ್‌ನಲ್ಲಿ ಫಿಸಿಯೋಥೆರಪಿಯವರು ‘ಡಾ.’ ಹಾಕಿಕೊಳ್ಳಬಾರದು ಅಂತ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಪತ್ರ ಬರೆದು, ಮರುದಿನವೇ ವಾಪಸ್ ತೆಗೆದುಕೊಂಡಿತು. ದಿಲ್ಲಿಗೆ ಒಂದು ದಿನ ಬೇಕಾಯಿತು, ನನಗೆ ಅರ್ಧ ಗಂಟೆ ಸಾಕಾಯಿತು. ಬೆಳಿಗ್ಗೆಯೇ ಪ್ರೆಸ್ಸಿಗೆ ಓಡಿದೆ.

ಪ್ರೆಸ್ಸಿನವನು ಮೂವತ್ತು ವರ್ಷದಿಂದ ಆಹ್ವಾನ ಪತ್ರಿಕೆ ಅಚ್ಚು ಹಾಕುತ್ತಿದ್ದಾನೆ. ಎದುರಿಗೆ ಸ್ಟೂಲು ಎಳೆದು ಕೂರಿಸಿ ಹೇಳಿದ: “ಹಾಕ್ಬಿಡಿ ಸಾರ್ ಸುಮ್ನೆ. ಹಾಕಿದ್ದಕ್ಕೆ ಇಲ್ಲೀವರೆಗೆ ಯಾರೂ ಬಂದು ಜಗಳ ಆಡಿಲ್ಲ. ಬಿಟ್ಟಿದ್ದಕ್ಕೆ ಆಡಿದಾರೆ.”

ಹಾಕು ಅಂದೆ. ಸಂಜೆ ಹೊಸ ಪ್ರೂಫ್ ಬಂತು. ಯಾಕೆ ತಲೆನೋವು ಅಂತ ಅವನು ಎಲ್ಲರಿಗೂ ಹಾಕಿಬಿಟ್ಟಿದ್ದ. ಅಧ್ಯಕ್ಷರಿಗೆ, ಖಜಾಂಚಿಗೆ, ಪ್ರಾರ್ಥನೆ ಹಾಡುವ ಮಗುವಿಗೆ. ಕೊನೆಯ ಸಾಲಿನಲ್ಲಿ, ವಂದನಾರ್ಪಣೆ, ನನ್ನ ಹೆಸರಿಗೂ. ಕೆಂಪು ಪೆನ್ನು ತೆಗೆದುಕೊಂಡೆ. ಮಗುವಿನದ್ದು ಹೊಡೆದುಹಾಕಿದೆ. ಖಜಾಂಚಿಯದ್ದು ಹೊಡೆದುಹಾಕಿದೆ. ಕೊನೆಯ ಸಾಲಿಗೆ ಬಂದು, ‘ವಂದನಾರ್ಪಣೆ’ಯ ಣಕ್ಕೆ ಬಾಲ ಸರಿಯಾಗಿಲ್ಲ ಅಂತ ಅದನ್ನು ತಿದ್ದಿ, ಪ್ರೂಫ್ ವಾಪಸ್ ಕೊಟ್ಟೆ.