ವ್ಯಾಪಾರದ ಜಗಳ ಬಳಗದ ಮುಂದೆ ಬರಬೇಕೇ?

ಒಂದೇ ಹವ್ಯಾಸದ ಬಳಗದಲ್ಲಿ ಕೊಂಡವರಿಗೂ ಮಾರಿದವರಿಗೂ ತಕರಾರು ಬಂದರೆ, ಅದನ್ನು ಹೆಸರು ಹಿಡಿದು ಎಲ್ಲರ ಮುಂದೆ ಹೇಳಬೇಕೇ, ಇಲ್ಲ ಇಬ್ಬರ ನಡುವೆಯೇ ಇಟ್ಟುಕೊಳ್ಳಬೇಕೇ?

ಪರ: ಹೇಳಬೇಕು, ಹೆಸರು ಸಮೇತ

ನನಗೆ ಹಳೇ ಫಿಲ್ಮ್ ಕ್ಯಾಮೆರಾಗಳ ಹುಚ್ಚು. ಒಮ್ಮೆ ಬಳಗದವರೊಬ್ಬರಿಂದ ಹಳೇ ಲೆನ್ಸ್ ತರಿಸಿದೆ. ಗಾಜು ಶುಭ್ರವಾಗಿದೆ ಅಂತ ಬರೆದಿದ್ದರು. ಆರು ದಿನಕ್ಕೆ ಪಾರ್ಸಲ್ ಬಂತು. ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆ ಥರ ಫಂಗಸ್. ಕೇಳಿದ್ದಕ್ಕೆ "ದಾರಿಯಲ್ಲಿ ಹಿಡಿದಿರಬೇಕು" ಅಂದರು. ಫಂಗಸ್‌ಗೆ ತೇವ ಬೇಕು, ಕತ್ತಲೆ ಬೇಕು, ಎಲ್ಲಕ್ಕಿಂತ ಜಾಸ್ತಿ ಸಮಯ ಬೇಕು. ಅಷ್ಟು ದೊಡ್ಡ ಬಲೆ ಆರು ದಿನದಲ್ಲಿ ಬೆಳೆಯುವುದಿಲ್ಲ.

ನಾನು ಸುಮ್ಮನಾದೆ. ಬಳಗದಲ್ಲಿ ಒಳ್ಳೆಯ ಹೆಸರಿದ್ದವರು, ಸುಮ್ನೆ ಯಾಕೆ ರಂಪ ಅನ್ನಿಸಿತು. ಎಷ್ಟೋ ತಿಂಗಳಾದ ಮೇಲೆ ಮಾತಿಗೆ ಮಾತು ಬಂದು ಗೆಳೆಯರೊಬ್ಬರಿಗೆ ಹೇಳಿದರೆ, ಅದೇ ವ್ಯಕ್ತಿಯಿಂದ ಅವರಿಗೂ ಹೀಗೇ ಆಗಿತ್ತು, ಅದೂ ನನಗಿಂತ ಮೊದಲು. ನನ್ನ ನಂತರ ಇನ್ನೊಬ್ಬರಿಗೂ ಆಗಿತ್ತು. ಮೂವರೂ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡಿದ್ದೆವು. ಮೊದಲನೆಯವರು ಹೇಳಿದ್ದರೆ ನಾನು ಕೊಳ್ಳುತ್ತಿರಲಿಲ್ಲ. ನಾನು ಹೇಳಿದ್ದರೆ ಮೂರನೆಯವರು ಉಳಿಯುತ್ತಿದ್ದರು. ಈ ಎರಡನೆಯದು ನನ್ನನ್ನು ಈಗಲೂ ಕಾಡುತ್ತದೆ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟು ಒಂದು ಲೇಖನ ಬರೆದರು. 2001ರಲ್ಲಿ ಅವರಿಗೆ ನೊಬೆಲ್ ಬಂದದ್ದಕ್ಕೆ ಆ ಲೇಖನವೇ ಮುಖ್ಯ ಕಾರಣ. ಅವರು ಹೇಳಿದ್ದು ಇಷ್ಟು: ಹುಳುಕು ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಆಗ ಕೊಳ್ಳುವವರು ಅನುಮಾನದಿಂದ ಎಲ್ಲದಕ್ಕೂ ಕಡಿಮೆ ಬೆಲೆ ಕೇಳುತ್ತಾರೆ, ಒಳ್ಳೆಯ ಮಾಲು ಇಟ್ಟುಕೊಂಡವರಿಗೆ ಆ ಬೆಲೆ ಗಿಟ್ಟುವುದಿಲ್ಲ, ಅವರು ಮಾರುವುದನ್ನೇ ಬಿಡುತ್ತಾರೆ. ಉಳಿಯುವುದು ಹುಳುಕು ಮಾಲು. ಹಳೇ ಲೆನ್ಸ್‌ಗೂ ಇದೇ ಕಥೆ. ನಮ್ಮ ಮೌನದಿಂದ ಹೊಡೆತ ಬೀಳುವುದು ಪ್ರಾಮಾಣಿಕವಾಗಿ ಮಾರುವವರಿಗೆ. ಅವರ ಪರವಾಗಿಯಾದರೂ ನಾವು ಬಾಯಿ ಬಿಡಬೇಕಲ್ವಾ?

ಹೆದರಿಕೆ ಇರುತ್ತದೆ, ನಿಜ. ಇಬೇ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ 2008ರವರೆಗೆ ಮಾರುವವರೂ ಕೊಂಡವರಿಗೆ ಕೆಟ್ಟ ಅಂಕ ಕೊಡಬಹುದಿತ್ತು. ಆ ಸೇಡಿಗೆ ಅಂಜಿ ಕೊಂಡವರು ನಿಜ ಬರೆಯಲು ಹಿಂಜರಿಯುತ್ತಾರೆ ಅಂತ ಕಂಪನಿಯೇ ಆ ವರ್ಷ ಅದನ್ನು ನಿಲ್ಲಿಸಿತು. ಅಮೆರಿಕದಲ್ಲಿ ಗ್ರಾಹಕರು ಕೆಟ್ಟ ಅಭಿಪ್ರಾಯ ಬರೆಯಬಾರದು ಅಂತ ಸಿದ್ಧ ಕರಾರುಪತ್ರದಲ್ಲಿ ಸೇರಿಸುವ ಷರತ್ತುಗಳು ಊರ್ಜಿತವಲ್ಲ ಎಂಬ ಕಾನೂನೇ 2016ರಲ್ಲಿ ಬಂತು. ಬಾಯಿ ಮುಚ್ಚಿಸುವ ಅಭ್ಯಾಸ ಎಷ್ಟು ಬೆಳೆದಿದ್ದರೆ ಅದಕ್ಕೊಂದು ಕಾನೂನು ಬೇಕಾಗಿರಬೇಕು!

ಬೈಯಿರಿ ಅಂತ ನಾನು ಹೇಳುತ್ತಿಲ್ಲ. ಯಾವತ್ತು ಕೊಂಡೆ, ಏನಂತ ಹೇಳಿದ್ದರು, ಏನು ಬಂತು, ಕೇಳಿದ್ದಕ್ಕೆ ಏನಂದರು. ಜೊತೆಗೊಂದು ಫೋಟೋ. ಅವರ ಮನೆ ವಿಳಾಸ, ಸಂಸಾರದ ವಿಷಯ ಯಾರಿಗೂ ಬೇಡ. "ಮೋಸಗಾರ" ಅನ್ನುವ ಪದವೂ ಬೇಡ, ಫೋಟೋ ನೋಡಿದವರು ಅವರೇ ತೀರ್ಮಾನ ಮಾಡುತ್ತಾರೆ. ಆಮೇಲೆ ದುಡ್ಡು ವಾಪಸ್ ಬಂದರೆ ಅದನ್ನೂ ಅಷ್ಟೇ ದೊಡ್ಡದಾಗಿ ಹೇಳಬೇಕು.

ಆ ಲೆನ್ಸ್ ಈಗಲೂ ನನ್ನ ಹತ್ತಿರವೇ ಇದೆ, ಬೇರೆ ಲೆನ್ಸ್‌ಗಳಿಂದ ದೂರ, ಒಂದು ಡಬ್ಬಿಯಲ್ಲಿ. ಮಾರಬೇಕೆಂದರೆ ಫಂಗಸ್ ಇದೆ ಅಂತ ಹೇಳಿಯೇ ಮಾರಬೇಕು.

ವಿರೋಧ: ಮೊದಲು ಇಬ್ಬರೇ ಮಾತಾಡಿ

ನನ್ನದೂ ಲೆನ್ಸ್ ಕಥೆಯೇ, ಆದರೆ ತಪ್ಪು ನನ್ನದು. ನನ್ನ 28 ಮಿಮೀ ಲೆನ್ಸನ್ನು ಒಬ್ಬರು ಬಿಚ್ಚಿ, ತೊಳೆದು, ಜೋಡಿಸಿ ಕಳಿಸಿದರು. ಅಡಾಪ್ಟರ್, ಅಂದರೆ ಒಂದು ಕ್ಯಾಮೆರಾದ ಲೆನ್ಸನ್ನು ಇನ್ನೊಂದಕ್ಕೆ ಕೂರಿಸುವ ಬಳೆ, ಹಾಕಿ ಡಿಜಿಟಲ್ ಕ್ಯಾಮೆರಾಕ್ಕೆ ಸಿಕ್ಕಿಸಿದರೆ ಹತ್ತಿರದ್ದೆಲ್ಲ ಚೂಪಾಗಿದೆ, ದೂರದ ಗುಡ್ಡ ಮಾತ್ರ ಮಸುಕು. ಜೋಡಿಸುವಾಗ ಕೆಡಿಸಿದ್ದಾರೆ ಅಂದುಕೊಂಡೆ. ಅವರಿಗೆ ಒಂದು ಮಾತು ಕೇಳದೆ, ಅದೇ ರಾತ್ರಿ ಬಳಗಕ್ಕೆಲ್ಲ ಅವರ ಹೆಸರು ಹಿಡಿದು ಹೇಳಿಬಿಟ್ಟೆ.

ವಾರದ ನಂತರ ಅದೇ ಲೆನ್ಸನ್ನು ಅದರದ್ದೇ ಫಿಲ್ಮ್ ಕ್ಯಾಮೆರಾಕ್ಕೆ ಹಾಕಿ ನೋಡಿದೆ. ಗುಡ್ಡದ ಮೇಲಿನ ಮರಗಳೂ ಬಿಡಿಬಿಡಿಯಾಗಿ ಕಂಡವು. ತಪ್ಪಿದ್ದದ್ದು ಅಡಾಪ್ಟರ್‌ನಲ್ಲಿ. 28 ಮಿಮೀ ಲೆನ್ಸ್‌ನಲ್ಲಿ ಅಡಾಪ್ಟರ್ ಒಂದು ಕೂದಲಿನಷ್ಟು, ಅಂದರೆ 0.07 ಮಿಮೀ ದಪ್ಪ ಜಾಸ್ತಿಯಾದರೆ ಸಾಕು, ಫೋಕಸ್ ಸುಮಾರು 11 ಮೀಟರ್ ಹತ್ತಿರವೇ ನಿಂತುಬಿಡುತ್ತದೆ, ಅದರಾಚೆಗೆ ಹೋಗುವುದಿಲ್ಲ. ಇದು ಅವರಿಗೆ ಗೊತ್ತಿತ್ತು. ಕೇಳಿದ್ದರೆ ಎರಡು ನಿಮಿಷದಲ್ಲಿ ಹೇಳುತ್ತಿದ್ದರು.

ತಪ್ಪಾಯಿತು ಅಂತ ಎಲ್ಲರಿಗೂ ಹೇಳಿದೆ. ದೂರಿಗೆ ಕಿವಿಗೊಟ್ಟವರಲ್ಲಿ ಅರ್ಧದಷ್ಟು ಜನರೂ ತಿದ್ದುಪಡಿ ಕೇಳಿಸಿಕೊಳ್ಳಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುವುದು ನನಗೆ ಗೊತ್ತಿದ್ದ ಗಾದೆಯೇ. "ನನಗೂ ಅವರ ಕೆಲಸದ ಮೇಲೆ ಅನುಮಾನ ಇತ್ತು" ಅಂತ ಆ ರಾತ್ರಿ ದನಿ ಸೇರಿಸಿದವರಲ್ಲಿ ಇಬ್ಬರು ಅವರ ಹತ್ತಿರ ಯಾವತ್ತೂ ಕೆಲಸ ಮಾಡಿಸಿದವರೇ ಅಲ್ಲ. ಬಳಗದಲ್ಲಿ ಒಂದು ದೂರಿಗೆ ಹತ್ತು ದೂರು ಹುಟ್ಟುವುದು ಹೀಗೇ.

ಬಾಯಿ ಮುಚ್ಚಿಕೊಂಡು ನಷ್ಟ ತಿನ್ನಿ ಅಂತ ಯಾರೂ ಹೇಳುತ್ತಿಲ್ಲ. ದಾರಿಗಳಿವೆ. ಪೇಪಾಲ್ ಅನ್ನುವ ಆನ್‌ಲೈನ್ ಪಾವತಿ ಸೇವೆಯ ಮೂಲಕ ದುಡ್ಡು ಕೊಟ್ಟಿದ್ದರೆ 180 ದಿನದೊಳಗೆ ತಕರಾರು ಹಾಕಬಹುದು. ಹಾಕಿದ ಮೇಲೆ 20 ದಿನದೊಳಗೆ ಅದನ್ನು ಮುಂದಿನ ಹಂತಕ್ಕೆ ಒಯ್ಯದಿದ್ದರೆ ತಾನಾಗಿಯೇ ಮುಚ್ಚಿಹೋಗುತ್ತದೆ, ಅದನ್ನು ಮರೆಯಬೇಡಿ. ಅಲ್ಲಿ ಎರಡೂ ಕಡೆಯ ಮಾತು ಕೇಳುತ್ತಾರೆ. ಬಳಗದಲ್ಲಿ ಮೊದಲು ಕೂಗಿದವರ ಮಾತೇ ನಿಲ್ಲುತ್ತದೆ. ಇನ್ನೊಂದು ವಿಷಯ: ಎಲ್ಲರ ಮುಂದೆ ಹೆಸರು ಕೆಡಿಸಿದ ಮೇಲೆ ಎದುರಿನವರಿಗೆ ರಾಜಿ ಮಾಡಿಕೊಳ್ಳಲು ಕಾರಣವೇ ಉಳಿಯುವುದಿಲ್ಲ. ಮಾನ ಹೋಗಿಯೇ ಹೋಯಿತು, ಇನ್ನು ದುಡ್ಡು ಯಾಕೆ ಕೊಡಲಿ ಅಂತ ಹಟ ಹಿಡಿಯುತ್ತಾರೆ.

ಕಾನೂನಿನ ಮಾತೂ ಇದೆ. ಬ್ರಿಟನ್‌ನ 2013ರ ಮಾನಹಾನಿ ಕಾಯ್ದೆಯಲ್ಲಿ ಸತ್ಯ ಹೇಳಿದವರಿಗೆ ರಕ್ಷಣೆ ಇದೆ, ಆದರೆ ಅದು ಸತ್ಯವೆಂದು ತೋರಿಸುವ ಹೊರೆ ಹೇಳಿದವರ ಮೇಲೆಯೇ. ನನ್ನ ಹತ್ತಿರ ಏನಿತ್ತು? ಒಂದು ಮಸುಕು ಗುಡ್ಡದ ಫೋಟೋ.

ಮತ್ತೆ ಮತ್ತೆ ಮೋಸ ಮಾಡುವವರ ಬಗ್ಗೆ, ಎಲ್ಲ ದಾರಿ ಮುಗಿದ ಮೇಲೆ, ಹೇಳಬೇಕು. ಅದನ್ನು ಒಪ್ಪುತ್ತೇನೆ. ಆದರೆ ಹಳೇ ಲೆನ್ಸ್ ಬಿಚ್ಚಿ ಜೋಡಿಸುವ ಕೈಗಳು ಈಗ ಎಷ್ಟಿವೆ? ಅವರಿಗೆ ಹೊಸ ಬಿಡಿಭಾಗಗಳೂ ಸಿಗುವುದಿಲ್ಲ, ಕೆಟ್ಟ ಲೆನ್ಸ್‌ಗಳಿಂದ ಬಿಚ್ಚಿ ಹಾಕುತ್ತಾರೆ. ನಾನು ಅವರಿಗೆ ನೇರವಾಗಿ ಬರೆದು ಕ್ಷಮೆ ಕೇಳಿದೆ. ಪರವಾಗಿಲ್ಲ ಅಂದರು. ಅವರು ಈಗಲೂ ಲೆನ್ಸ್ ರಿಪೇರಿ ಮಾಡುತ್ತಾರೆ, ನಮ್ಮ ಬಳಗದವರ ಲೆನ್ಸ್ ಮಾತ್ರ ತೆಗೆದುಕೊಳ್ಳುವುದಿಲ್ಲ.