ಹಳೇ ಫೈಲಿನ ಮೇಲೆ ನೇರವಾಗಿ ಬರೆಯಬೇಡಿ

ಯಾರದೇ ಕೋಡ್ ರಿವ್ಯೂ ಮಾಡುವಾಗ ನಾನು ಮೊದಲು ಹುಡುಕುವುದು ಒಂದು ಸಾಲನ್ನು. ಬಳಕೆದಾರರ ಫೈಲನ್ನು ರೈಟ್ ಮೋಡ್‌ನಲ್ಲಿ ಓಪನ್ ಮಾಡಿ, ಅದರ ಮೇಲೆಯೇ ಹೊಸದನ್ನು ಬರೆಯುವ ಸಾಲು. ನೋಡೋಕೆ ತಪ್ಪೇನೂ ಕಾಣಲ್ಲ. ಟ್ಯುಟೋರಿಯಲ್‌ಗಳಲ್ಲಿ ಹಾಗೇ ಹೇಳಿಕೊಡುತ್ತಾರೆ, ಟೆಸ್ಟ್‌ಗಳೂ ಪಾಸಾಗುತ್ತವೆ. ಆದರೆ ಓಪನ್ ಆದ ಕೂಡಲೇ ಹಳೇ ಫೈಲಿನ ಅಳತೆ ಸೊನ್ನೆ ಬೈಟ್‌ಗೆ ಇಳಿದಿರುತ್ತದೆ. ಹಳೆಯದು ಹೋಯಿತು, ಹೊಸದು ಇನ್ನೂ ಬಂದಿಲ್ಲ. ಅಷ್ಟರಲ್ಲಿ ಪ್ರೋಗ್ರಾಂ ಕ್ರ್ಯಾಶ್ ಆದರೆ ಉಳಿಯುವುದು ಖಾಲಿ ಫೈಲ್, ಇಲ್ಲವೇ ಅರ್ಧ ಫೈಲ್.

ಇದಕ್ಕೆ ಕರೆಂಟ್ ಹೋಗಲೇಬೇಕು ಅಂತೇನಿಲ್ಲ. ಡಿಸ್ಕ್ ತುಂಬಿದ್ದರೂ ಸಾಕು. ಫೈಲ್ ಖಾಲಿ ಮಾಡೋಕೆ ಜಾಗ ಬೇಡ, ಬರೆಯೋಕೆ ಮಾತ್ರ ಬೇಕು, ಅಲ್ವಾ?

ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ರೈಟ್ ಕಾಲ್ ಯಶಸ್ವಿ ಎಂದು ವಾಪಸ್ ಬಂದರೆ ಡೇಟಾ ಡಿಸ್ಕ್‌ಗೆ ಹೋಯಿತು ಎಂದಲ್ಲ. ಸಾಮಾನ್ಯವಾಗಿ ಅದು ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಪೇಜ್ ಕ್ಯಾಶ್‌ನಲ್ಲಿ, ಅಂದರೆ ಮೆಮೊರಿಯಲ್ಲಿ ಕೂತಿರುತ್ತದೆ. ಲಿನಕ್ಸ್‌ನ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಸುಮಾರು 30 ಸೆಕೆಂಡ್ ಹಾಗೇ ಕಾಯಬಹುದು. ಕ್ಲೋಸ್ ಮಾಡಿದರೂ ಇದು ಬದಲಾಗಲ್ಲ. ಫ್ಲಶ್ ಕರೆದರೆ ಡೇಟಾ ನಿಮ್ಮ ಪ್ರೋಗ್ರಾಂನ ಬಫರ್‌ನಿಂದ ಕರ್ನಲ್‌ಗೆ ಹೋಗುತ್ತದೆ, ಅಷ್ಟೇ. ಡಿಸ್ಕ್‌ಗೆ ತಳ್ಳಿ, ಮುಗಿದ ಮೇಲೆ ಹೇಳು ಎಂದು ಕೇಳಬೇಕಾದರೆ ಎಫ್‌ಸಿಂಕ್ ಕರೆಯಬೇಕು.

ಸರಿಯಾದ ದಾರಿ ಹಳೆಯದೇ, ಕಷ್ಟವೂ ಅಲ್ಲ. ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಿನ ತಾತ್ಕಾಲಿಕ ಫೈಲ್ ಮಾಡಿ. ಪೂರ್ತಿ ಬರೆಯಿರಿ, ಎಫ್‌ಸಿಂಕ್ ಮಾಡಿ, ಎರರ್ ಬಂತಾ ನೋಡಿ. ಆಮೇಲೆ ಅದನ್ನು ಹಳೇ ಹೆಸರಿಗೆ ರೀನೇಮ್ ಮಾಡಿ. ಯುನಿಕ್ಸ್ ಮಾದರಿಯ ಸಿಸ್ಟಂಗಳಲ್ಲಿ ರೀನೇಮ್ ಅಟಾಮಿಕ್. ಆ ಹೆಸರಿನಲ್ಲಿ ಓದುವವರಿಗೆ ಪೂರ್ತಿ ಹಳೆಯದು ಸಿಗುತ್ತದೆ, ಇಲ್ಲವೇ ಪೂರ್ತಿ ಹೊಸದು. ಅರ್ಧಂಬರ್ಧ ಸಿಗುವುದಿಲ್ಲ. ಅದೇ ಫೋಲ್ಡರ್ ಅಂತ ಒತ್ತಿ ಹೇಳೋಕೆ ಕಾರಣ ಇದೆ. ಟೆಂಪ್ ಫೋಲ್ಡರ್ ಎಷ್ಟೋ ಕಡೆ ಬೇರೆ ಫೈಲ್ ಸಿಸ್ಟಂನಲ್ಲಿರುತ್ತದೆ, ಅಲ್ಲಿಂದ ಇಲ್ಲಿಗೆ ರೀನೇಮ್ ಆಗುವುದೇ ಇಲ್ಲ. ಪೈಥಾನ್‌ನ ಶಟಿಲ್ ಮೂವ್‌ನಂಥ ಫಂಕ್ಷನ್‌ಗಳು ಆಗ ಸದ್ದಿಲ್ಲದೆ ಕಾಪಿ ಮಾಡಲು ಶುರು ಮಾಡುತ್ತವೆ. ಹಳೇ ಅಪಾಯವೇ ಹಿಂಬಾಗಿಲಿನಿಂದ ಬಂದ ಹಾಗಾಯಿತು.

ರೀನೇಮ್ ಆದ ಮೇಲೆ ಫೋಲ್ಡರ್‌ಗೂ ಎಫ್‌ಸಿಂಕ್ ಬೇಕಾ? ಯಾಕೆ ಬರೆಯುತ್ತಿದ್ದೀರಿ ಎನ್ನುವುದರ ಮೇಲೆ ಹೋಗುತ್ತದೆ. ಫೈಲಿನ ಹೆಸರು ಇರುವುದು ಫೋಲ್ಡರ್‌ನಲ್ಲಿ. ಅದು ಡಿಸ್ಕ್ ಸೇರುವ ಮೊದಲೇ ಕರೆಂಟ್ ಹೋದರೆ ಹಳೇ ಫೈಲ್ ವಾಪಸ್ ಬರಬಹುದು. ಸೆಟ್ಟಿಂಗ್ಸ್ ಫೈಲಾದರೆ ನಡೆಯುತ್ತದೆ, ಹಳೆಯದಾದರೂ ಪೂರ್ತಿ ಇದೆಯಲ್ಲ. ಆದರೆ ನಿಮ್ಮ ಪ್ರೋಗ್ರಾಂ ಈಗಾಗಲೇ 'ಮೇಲ್ ತಲುಪಿತು' ಅಥವಾ 'ಹಣ ಜಮಾ ಆಯಿತು' ಎಂದು ಇನ್ನೊಬ್ಬರಿಗೆ ಹೇಳಿದ್ದರೆ ನಡೆಯಲ್ಲ. ಫೈಲ್ ಹಾಳಾಗಬಾರದು ಎನ್ನುವುದು ಒಂದು, ಬರೆದದ್ದು ಕಳೆಯಬಾರದು ಎನ್ನುವುದು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಬೇಕು.

2009ರಲ್ಲಿ ಲಿನಕ್ಸ್‌ನ ಎಕ್ಸ್ಟ್4 ಫೈಲ್ ಸಿಸ್ಟಂ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಹೊಸದಾಗಿ ಬಳಕೆಗೆ ಬಂದಾಗ ಇದು ದೊಡ್ಡ ಗಲಾಟೆಯೇ ಆಯಿತು. ಕ್ರ್ಯಾಶ್ ಆಗಿ ಮತ್ತೆ ಶುರುವಾದರೆ ಡೆಸ್ಕ್‌ಟಾಪ್ ಸೆಟ್ಟಿಂಗ್ಸ್ ಫೈಲ್‌ಗಳೆಲ್ಲ ಸೊನ್ನೆ ಬೈಟ್. ಕೆಲವು ಪ್ರೋಗ್ರಾಂಗಳು ರೀನೇಮ್ ಮಾಡುತ್ತಿದ್ದರೂ ಅದಕ್ಕೂ ಮೊದಲು ಎಫ್‌ಸಿಂಕ್ ಮಾಡುತ್ತಿರಲಿಲ್ಲ. ಅದರ ಹಿಂದಿನ ಎಕ್ಸ್ಟ್3ಯ ಸ್ವಭಾವದಿಂದ ಅವು ಬಹುಮಟ್ಟಿಗೆ ಬಚಾವಾಗಿದ್ದವು. ಹೊಸದರಲ್ಲಿ ರೀನೇಮ್ ಮೊದಲೇ ಡಿಸ್ಕ್ ಸೇರಿ, ಡೇಟಾ ಹಿಂದೆ ಉಳಿಯುತ್ತಿತ್ತು. ಅಪ್ಲಿಕೇಶನ್‌ಗಳೇ ಎಫ್‌ಸಿಂಕ್ ಮಾಡಬೇಕು ಎಂದು ಎಕ್ಸ್ಟ್4ನ ಮುಖ್ಯ ಡೆವಲಪರ್ ಥಿಯೋಡೋರ್ ಟ್ಸೋ ವಾದಿಸಿದರು. ಕೊನೆಗೆ 2.6.30 ಕರ್ನಲ್‌ನಲ್ಲಿ ಈ ಬಗೆಯ ಬಳಕೆಯನ್ನು ಗುರುತಿಸಿ ಕಾಪಾಡುವ ವ್ಯವಸ್ಥೆಯೂ ಬಂತು. ನನ್ನ ಪ್ರಕಾರ ನಿಯಮದಲ್ಲಿ ಅವರ ಮಾತೇ ಸರಿ. ಆದರೆ ಫೈಲ್ ಕಳೆದುಕೊಂಡವರಿಗೆ ನಿಯಮ ತೋರಿಸಿ ಏನು ಪ್ರಯೋಜನ? ಆ ತಿದ್ದುಪಡಿ ಬರಲೇಬೇಕಿತ್ತು.

ಎಫ್‌ಸಿಂಕ್ ಎರರ್ ಕೊಟ್ಟರೆ ಸುಮ್ನೆ ಇನ್ನೊಮ್ಮೆ ಕರೆಯಬೇಡಿ. ಲಿನಕ್ಸ್‌ನಲ್ಲಿ ಡಿಸ್ಕ್‌ಗೆ ಬರೆಯುವುದು ವಿಫಲವಾದ ಮೇಲೆ, ಮೆಮೊರಿಯಲ್ಲಿದ್ದ ಆ ಪೇಜ್‌ಗಳನ್ನು (ಡೇಟಾದ ತುಂಡುಗಳನ್ನು) ಬರೆದಾಯಿತು ಎಂದೇ ಗುರುತು ಹಾಕಿಬಿಡುವುದುಂಟು. ಎರಡನೇ ಸಲ ಕೇಳಿದರೆ ಎಲ್ಲ ಸರಿ ಇದೆ ಎನ್ನುತ್ತದೆ, ಡೇಟಾ ಮಾತ್ರ ಡಿಸ್ಕ್‌ನಲ್ಲಿಲ್ಲ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರಿಗೆ ಇದು ಗೊತ್ತಾದಾಗ ನಿಜಕ್ಕೂ ಆಘಾತವಾಯಿತು. ಅಷ್ಟು ಎಚ್ಚರದಿಂದ ಬರೆದ ಡೇಟಾಬೇಸ್ ಕೂಡ ಮತ್ತೆ ಪ್ರಯತ್ನಿಸಿದರೆ ಸಾಕು ಎಂದು ನಂಬಿತ್ತು. ಈಗ ಎಫ್‌ಸಿಂಕ್ ವಿಫಲವಾದರೆ ಅದು ತಾನೇ ನಿಂತು, ಬದಲಾವಣೆಗಳನ್ನು ಮೊದಲೇ ಬರೆದಿಟ್ಟ ಲಾಗ್‌ನಿಂದ ಚೇತರಿಸಿಕೊಳ್ಳುತ್ತದೆ. ಮ್ಯಾಕ್‌ನದ್ದು ಬೇರೆ ಕಥೆ. ಅಲ್ಲಿ ಎಫ್‌ಸಿಂಕ್ ಡ್ರೈವ್‌ನ ಒಳಗಿನ ಕ್ಯಾಶ್ ಖಾಲಿ ಮಾಡಿಸುವುದಿಲ್ಲ, ಅದಕ್ಕೆ ಫುಲ್‌ಎಫ್‌ಸಿಂಕ್ ಅಂತ ಪ್ರತ್ಯೇಕವಾಗಿ ಕೇಳಬೇಕು.

ಇಷ್ಟೆಲ್ಲ ಮಾಡಿದರೆ ನಿಧಾನ ಆಗುತ್ತಲ್ಲ ಎಂದು ಕೇಳುವವರಿದ್ದಾರೆ. ಸೆಕೆಂಡಿಗೆ ನೂರಾರು ಸಲ ಬರೆಯುತ್ತಿದ್ದರೆ ಹೌದು, ಆಗ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಬಳಸಿ. ಈ ತಲೆನೋವನ್ನು ಅದು ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತದೆ. ಆದರೆ ಒಬ್ಬರು ಗಂಟೆಗಟ್ಟಲೆ ಬರೆದು ಸೇವ್ ಒತ್ತಿದಾಗ ಕೆಲವು ಮಿಲಿಸೆಕೆಂಡ್ ಉಳಿಸೋಕೆ ಅವರ ಕೆಲಸವನ್ನೇ ಪಣಕ್ಕಿಡುವುದು ನನಗೆ ಒಪ್ಪಿಗೆಯಿಲ್ಲ.

ನನ್ನ ದೂರು ಪ್ರೋಗ್ರಾಮರ್‌ಗಳಿಗಿಂತ ಜಾಸ್ತಿ ಭಾಷೆಗಳ ಮೇಲೆ. ಆ್ಯಪ್ ಕಟ್ಟಲು ಬಳಸುವ ಕ್ಯೂಟಿ ಲೈಬ್ರರಿಯಲ್ಲಿ 5.1ನೇ ಆವೃತ್ತಿಯಿಂದಲೇ ಹೀಗೆ ಸುರಕ್ಷಿತವಾಗಿ ಬರೆಯುವ ಕ್ಯೂಸೇವ್‌ಫೈಲ್ ಇದೆ, ಆಪಲ್‌ನ ಲೈಬ್ರರಿಗಳಲ್ಲಿ ಅಟಾಮಿಕ್ ಆಗಿ ಬರೆಯುವ ಆಯ್ಕೆ ಇದೆ. ಪೈಥಾನ್ 3.3ರಲ್ಲಿ ರೀನೇಮ್ ಹೆಜ್ಜೆಗೆ ರಿಪ್ಲೇಸ್ ಕೊಟ್ಟಿತು, ಉಳಿದ ಹೆಜ್ಜೆಗಳನ್ನು ನಾವೇ ಜೋಡಿಸಿಕೊಳ್ಳಬೇಕು. ಗೋ ಭಾಷೆಯ ರೈಟ್‌ಫೈಲ್ ಮಧ್ಯೆ ವಿಫಲವಾದರೆ ಅರ್ಧ ಬರೆದ ಫೈಲ್ ಉಳಿಯಬಹುದು ಎಂದು ಅದರ ಕೈಪಿಡಿಯೇ ಹೇಳುತ್ತದೆ. ಎಲ್ಲರೂ ಮೊದಲು ಕೈ ಹಾಕುವ, ಚಿಕ್ಕ ಹೆಸರಿನ ಫಂಕ್ಷನ್ನೇ ಸುರಕ್ಷಿತವಾಗಿರಬೇಕು. ವೇಗ ಬೇಕಾದವರು ಉದ್ದ ಹೆಸರಿನದ್ದನ್ನು ಹುಡುಕಿಕೊಳ್ಳಲಿ.