ಅವ್ವನಿಗೆ ದೂಧ್‌ಸಾಗರ ಜಲಪಾತ ತೋರಿಸಬೇಕು ಅನ್ನೋರಿಗೆ: ಘಾಟ್ ನೋಡೋದು ಬರುವಾಗ ಇಟ್ಕೊಳ್ಳಿ

ನಮ್ಮ ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಕಡೆ ಮನೆಯ ಹಿರಿಯರನ್ನ ರೈಲಲ್ಲಿ ಎಲ್ಲಿಗಾದರೂ ಕರ್ಕೊಂಡು ಹೋಗಬೇಕು ಅಂದ ತಕ್ಷಣ ಮಾತು ಊಟಿಗೆ, ಶಿಮ್ಲಾಕ್ಕೆ ಹೋಗುತ್ತೆ. ಏಳು ದಿನದ ಪ್ಯಾಕೇಜು, ದಿನಕ್ಕೆ ಐದು ಜಾಗ, ಬೆಳಿಗ್ಗೆ ಐದಕ್ಕೆ ಬಸ್ಸು. ಎಪ್ಪತ್ತು ದಾಟಿದ, ಮೊಣಕಾಲು ನೋವಿರೋ ಅವ್ವನಿಗೆ ಅದರಲ್ಲಿ ದಣಿವು ಬಿಟ್ಟು ಏನೂ ಸಿಗಲ್ಲ. ಆದರೆ ನಮ್ಮ ಮನೆ ಮುಂದಿನ ಹಳಿಯೇ ನೆಟ್ಟಗೆ ಪಶ್ಚಿಮ ಘಟ್ಟ ಇಳಿದು ಗೋವಾಕ್ಕೆ ಹೋಗುತ್ತೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಮುರ್ಮುಗೋವಾ ಬಂದರಿನಿಂದ ಕಲ್ಲಿದ್ದಲು ಬರೋದು ಇದೇ ದಾರಿಯಲ್ಲಿ. ಗೂಡ್ಸ್ ಗಾಡಿಗಳನ್ನ ದಿನಾ ನೋಡ್ತೀವಿ, ಆ ದಾರಿಯ ಕೊನೆಗೆ ಏನಿದೆ ಅಂತ ಬಹಳ ಜನ ಹಿರಿಯರು ನೋಡಿಯೇ ಇಲ್ಲ.

ಇರೋದು ಇಷ್ಟು. ಕರ್ನಾಟಕದ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂವರೆಗೆ ಸುಮಾರು 26 ಕಿಲೋಮೀಟರ್ ಘಾಟ್. ಇಳಿಜಾರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ. ರೈಲಿಗೆ ಇದು ಬಹಳ ಕಡಿದು. ಅದಕ್ಕೇ ಇಲ್ಲಿ ಹೆಚ್ಚುವರಿ ಎಂಜಿನ್ ಕಟ್ತಾರೆ, ಗಾಡಿ ಸೈಕಲ್ ತುಳಿದ ಹಾಗೆ ನಿಧಾನ ಹೋಗುತ್ತೆ. ಮಧ್ಯದಲ್ಲಿ ಸುರಂಗಗಳು, ಕಾಡು, 310 ಮೀಟರ್ ಎತ್ತರದಿಂದ ಬೀಳುವ ದೂಧ್‌ಸಾಗರ. ಹಳಿ ಜಲಪಾತದ ಎದುರಿಗೇ ಸೇತುವೆ ಮೇಲೆ ದಾಟುತ್ತೆ. ನಡೆಯಲಾಗದ ಹಿರಿಯರಿಗೆ ಕೂತಲ್ಲೇ ಇಂಥಾ ನೋಟ ಕೊಡುವ ಜಾಗ ನಮಗೆ ಇಷ್ಟು ಹತ್ತಿರದಲ್ಲಿ ಇನ್ನೊಂದಿಲ್ಲ.

ಈಗ ಮುಖ್ಯ ಮಾತು. ಎಲ್ಲರೂ ಹೋಗುವಾಗಲೇ ಘಾಟ್ ನೋಡಬೇಕು ಅಂತ ಲೆಕ್ಕ ಹಾಕ್ತಾರೆ. ಹಿರಿಯರು ಜೊತೆಗಿದ್ದರೆ ಇದು ತಪ್ಪು ಲೆಕ್ಕ. ನಮ್ಮ ಊರಿನ ಮೇಲೆ ವಾರಕ್ಕೆ ನಾಲ್ಕು ದಿನ ಗೋವಾಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಕೋಲ್ಕತಾ ಕಡೆಯಿಂದ ಬರೋದು. ಸಾವಿರದ ಏಳುನೂರು ಕಿಲೋಮೀಟರ್ ಹತ್ತಿರ ಓಡಿ ಬಳ್ಳಾರಿ ಮುಟ್ಟುವಷ್ಟರಲ್ಲಿ ತಡ ಸೇರಿಕೊಂಡಿರುತ್ತೆ. ಅಲ್ಲಿಂದ ಮುಂದೆ ಘಾಟ್‌ನಲ್ಲಿ ಒಂದೇ ಹಳಿ, ಎದುರಿನ ಗಾಡಿಗೆ ದಾರಿ ಬಿಡಬೇಕು, ಇನ್ನಷ್ಟು ತಡ. ನಾಲ್ಕೈದು ಗಂಟೆ ತಡವಾದರೆ ಜಲಪಾತ ಕತ್ತಲಲ್ಲಿ ದಾಟಿಹೋಗುತ್ತೆ. 2024ರಲ್ಲಿ ಶುರುವಾದ ಸಿಕಂದರಾಬಾದ್–ವಾಸ್ಕೋ ಗಾಡಿ (ವಾಸ್ಕೋ ಅಂದರೆ ಗೋವಾದಲ್ಲಿ ಈ ಹಳಿಯ ಕೊನೆಯ ನಿಲ್ದಾಣ) ವಾರಕ್ಕೆ ಎರಡು ದಿನ ಇದೆ, ಅದು ಹೋಗುವಾಗ ಘಾಟ್ ಇಳಿಯೋದೇ ರಾತ್ರಿ.

ಬರುವಾಗ ಹಾಗಲ್ಲ. ಗಾಡಿ ವಾಸ್ಕೋದಲ್ಲೇ ಹುಟ್ಟುತ್ತೆ. ಬೆಳಿಗ್ಗೆ ಹೊರಟು ಅರವತ್ತು ಕಿಲೋಮೀಟರ್ ಆಸುಪಾಸು ಓಡಿದ ಮೇಲೆ ಕುಳೆಂ, ಅಲ್ಲಿಂದ ಘಾಟ್. ತಡವಾಗೋಕೆ ಇನ್ನೂ ಅವಕಾಶವೇ ಸಿಕ್ಕಿರಲ್ಲ. ಬೆಳಗಿನ ಬೆಳಕು, ರಾತ್ರಿ ನಿದ್ದೆ ಮಾಡಿ ಎದ್ದ ಅವ್ವ, ಮೇಲಕ್ಕೆ ಹತ್ತುವ ಗಾಡಿ. ಇನ್ನೊಂದು ದೊಡ್ಡ ಅನುಕೂಲ ಅಂದರೆ, ಹುಟ್ಟುವ ನಿಲ್ದಾಣದಲ್ಲಿ ಗಾಡಿ ಮುಂಚೆಯೇ ಬಂದು ನಿಂತಿರುತ್ತೆ. ಕೊಪ್ಪಳದಂಥ ನಡುವಿನ ನಿಲ್ದಾಣದಲ್ಲಿ ಒಂದೆರಡು ನಿಮಿಷದಲ್ಲಿ ಹತ್ತಿಸುವ ಗಡಿಬಿಡಿ ಅಲ್ಲಿಲ್ಲ. ಅದಕ್ಕೆ ಕೊನೆಯ ರಾತ್ರಿ ಮಡಗಾಂವ್‌ನಲ್ಲಿ ಅಲ್ಲ, ವಾಸ್ಕೋದಲ್ಲೇ ರೂಮು ಮಾಡಿ. ಯಾವ ಗಾಡಿ ಆದರೂ ಬುಕ್ ಮಾಡುವ ಮುಂಚೆ ವೇಳಾಪಟ್ಟಿಯಲ್ಲಿ ಕುಳೆಂ ಮತ್ತು ಕ್ಯಾಸಲ್‌ರಾಕ್ ಎರಡರ ಸಮಯ ನೋಡಿ. ಎರಡೂ ಬೆಳಕಿದ್ದಾಗ ಇರಬೇಕು. ಊರು ಬಿಡುವ ಸಮಯ ನೋಡಿ ಟಿಕೆಟ್ ಮಾಡಿಸಿದವರೇ ಕಣ್ಣಿಗೆ ಬರೀ ಕತ್ತಲು ಕಂಡು ಬರೋದು.

ಟಿಕೆಟ್ ವಿಷಯಕ್ಕೆ ಬರ್ತೀನಿ, ಇಲ್ಲೇ ಹೆಚ್ಚು ಜನ ಎಡವೋದು. ಬುಕಿಂಗ್ 60 ದಿನ ಮುಂಚೆ ತೆರೆಯುತ್ತೆ (2024ರ ನವೆಂಬರ್‌ಗೆ ಮುಂಚೆ 120 ಇತ್ತು). ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿದ್ದು, ಅದನ್ನ ನಂಬಿಕೊಂಡು ಖರ್ಚಿನ ಲೆಕ್ಕ ಹಾಕಬೇಡಿ. ಆ ರಿಯಾಯಿತಿ ವಾಪಸ್ ಕೊಡಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪಿಂಚಣಿ ಇಲ್ಲದ ರೈತಾಪಿ ಮನೆಯ ಮುದುಕರಿಗೆ ಆ ರಿಯಾಯಿತಿ ಅಂದರೆ ಹೋಗೋದಾ ಬಿಡೋದಾ ಅನ್ನೋ ಪ್ರಶ್ನೆ.

ಲೋವರ್ ಬರ್ತ್ ಕೋಟಾ ಮಾತ್ರ ಇನ್ನೂ ಇದೆ. ಗಂಡಸರಿಗೆ 60, ಹೆಂಗಸರಿಗೆ 45 ತುಂಬಿರಬೇಕು. ಸ್ಲೀಪರ್ ಬೋಗಿಗೆ ಆರೇಳು, ಥರ್ಡ್ ಎಸಿಗೆ ನಾಲ್ಕೈದು, ಸೆಕೆಂಡ್ ಎಸಿಗೆ ಮೂರ್ನಾಲ್ಕು ಬರ್ತ್ ಇದಕ್ಕೆ ಮೀಸಲು. ಆದರೆ ಒಂದು ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರೇ ಇರಬೇಕು, ಇಬ್ಬರಿದ್ದರೆ ಇಬ್ಬರಿಗೂ ಆ ವಯಸ್ಸಾಗಿರಬೇಕು. ಮೂವತ್ತೈದರ ಮಗ ಅದೇ ಟಿಕೆಟ್‌ಗೆ ತನ್ನ ಹೆಸರು ಸೇರಿಸಿದ ಅಂದರೆ ಅವ್ವನ ಕೋಟಾ ಹೋಯ್ತು. ಆಮೇಲೆ ಅಪ್ಪರ್ ಬರ್ತ್ ಬಂತು ಅಂತ ಟಿಸಿ ಹಿಂದೆ ಓಡಾಟ. ಆದ್ದರಿಂದ ಅಪ್ಪ ಅವ್ವ ಇಬ್ಬರಿಗೆ ಒಂದು ಟಿಕೆಟ್ ಲೋವರ್ ಬರ್ತ್ ಕೋಟಾದಲ್ಲಿ, ನಿಮಗೆ ಬೇರೆ ಟಿಕೆಟ್ ಜನರಲ್ ಕೋಟಾದಲ್ಲಿ. ಹಾಗೆ ಮಾಡಿದಾಗ ಅವರು ಎಸ್3 ಬೋಗಿ, ನೀವು ಎಸ್7 ಬೋಗಿ ಆಗುವ ಅಪಾಯ ಇದೆ. ಸೆಕೆಂಡ್ ಎಸಿ ಬೋಗಿ ಗಾಡಿಗೆ ಒಂದೋ ಎರಡೋ ಇರೋದ್ರಿಂದ ಅಲ್ಲಿ ಒಂದೇ ಬೋಗಿ ಸಿಗುವ ಸಾಧ್ಯತೆ ಹೆಚ್ಚು. ಅಲ್ಲಿ ಮಿಡ್ಲ್ ಬರ್ತ್ ಕೂಡ ಇಲ್ಲ, ಹಿರಿಯರು ಯಾವಾಗ ಬೇಕಾದರೂ ತಲೆ ಎತ್ತಿ ಕೂರಬಹುದು. ಥರ್ಡ್ ಎಸಿ, ಸ್ಲೀಪರ್‌ನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೇಲಿನವರು ಮಿಡ್ಲ್ ಬರ್ತ್ ಬಿಚ್ಚಿಕೊಂಡರೆ ಲೋವರ್‌ನವರು ಮಲಗಲೇಬೇಕು, ಬೆನ್ನು ನೆಟ್ಟಗೆ ಮಾಡೋಕೂ ಆಗಲ್ಲ.

ಆರ್‌ಎಸಿ (ಒಂದು ಬರ್ತ್ ಇಬ್ಬರಿಗೆ ಹಂಚುವ ಟಿಕೆಟ್) ಬಂದರೆ ಹಿರಿಯರನ್ನ ಕರ್ಕೊಂಡು ಹೋಗಬೇಡಿ. ಸೈಡ್ ಲೋವರ್‌ನ ಅರ್ಧದಲ್ಲಿ ಅಪರಿಚಿತರ ಜೊತೆ ರಾತ್ರಿ ಪೂರಾ ಕೂರೋದು ಆಗೋ ಮಾತಲ್ಲ. ತತ್ಕಾಲ್‌ನಲ್ಲೂ ಲೋವರ್ ಬರ್ತ್‌ನ ಖಾತ್ರಿ ಇಲ್ಲ.

ಹಾಗಾಗಿ ನನ್ನ ಲೆಕ್ಕ: ರಾತ್ರಿ ಪ್ರಯಾಣಕ್ಕೆ ಸೆಕೆಂಡ್ ಎಸಿ, ಘಾಟ್ ನೋಡುವ ಹಗಲಿಗೆ ಸ್ಲೀಪರ್. ಎಸಿ ಬೋಗಿಯ ಕಿಟಕಿ ಮುಚ್ಚಿದ ಬಣ್ಣದ ಗಾಜು. ಮಳೆಗಾಲದಲ್ಲಿ ಹೊರಗೆ ಹನಿ, ಮೇಲೆ ಧೂಳಿನ ಪೊರೆ, ಒಳಗೆ ಕೂತವರಿಗೆ ಮಂಜು ಕವಿದ ಹಾಗೆ ಕಾಣುತ್ತೆ. ಸ್ಲೀಪರ್‌ನ ತೆರೆದ ಕಿಟಕಿಯಿಂದ ನೀರಿನ ಸದ್ದೂ ಕೇಳುತ್ತೆ, ತುಂತುರೂ ಮುಖಕ್ಕೆ ಬಡಿಯುತ್ತೆ. ಕಿವಿ ಮುಚ್ಚೋಕೆ ಒಂದು ಹತ್ತಿಯ ಸ್ಕಾರ್ಫ್, ಕಾಲ ಮೇಲೆ ಹೊದೆಯೋಕೆ ಕೌದಿ ಇಟ್ಕೊಂಡರೆ ಸಾಕು. ಜಲಪಾತ ಯಾವ ಕಡೆ ಅನ್ನೋದನ್ನ ಬರ್ತ್ ನಂಬರ್ ನೋಡಿ ಹೇಳೋಕಾಗಲ್ಲ, ಬೋಗಿ ತಿರುಗಿ ಜೋಡಿಸಿರಬಹುದು. ಅದಕ್ಕೊಂದು ಉಪಾಯ: ಅವ್ವನಿಗೆ ಲೋವರ್ (1, 4, 9, 12 ಹೀಗೆ), ನಿಮ್ಮ ಟಿಕೆಟ್‌ನಲ್ಲಿ ಸೈಡ್ ಲೋವರ್ (7, 15, 23 ಹೀಗೆ) ಆಯ್ಕೆ ಕೊಡಿ. ಎರಡೂ ಅಕ್ಕಪಕ್ಕ ಸಿಕ್ಕರೆ ಬೋಗಿಯ ಎರಡೂ ಬದಿಯ ಕಿಟಕಿ ನಿಮ್ಮದೇ.

ಹತ್ತೋದು, ಇಳಿಯೋದು. ಬಿದ್ದು ಪೆಟ್ಟು ಮಾಡಿಕೊಳ್ಳುವ ಜಾಗ ಇದೇ, ಆದ್ದರಿಂದ ನಿಧಾನ ಓದಿ. ಹತ್ತುವಾಗ ಊರುಗೋಲು ಮೊದಲು ನಿಮ್ಮ ಕೈಗೆ. ಸೀರೆ ನಿರಿಗೆ ಪಾದಕ್ಕೆ ತಾಗದ ಹಾಗೆ ನಾಲ್ಕು ಬೆರಳು ಮೇಲೆ ಸಿಕ್ಕಿಸಿರಬೇಕು. ಎರಡೂ ಕೈಯಲ್ಲಿ ಎರಡೂ ಕಡೆಯ ಸರಳು. ನೋವಿಲ್ಲದ ಗಟ್ಟಿ ಕಾಲು ಮೊದಲು ಮೇಲೆ, ಆಮೇಲೆ ನೋವಿನ ಕಾಲು. ನೀವು ಹಿಂದೆ ನಿಂತು ಸೊಂಟಕ್ಕೆ ಆಸರೆ ಕೊಡಿ, ರಟ್ಟೆ ಹಿಡಿದು ಮೇಲಿಂದ ಎಳೆಯಬೇಡಿ, ಭುಜದ ಕೀಲು ನೋಯುತ್ತೆ. ಇಳಿಯುವಾಗ ಎಲ್ಲಾ ತಿರುವು ಮುರುವು. ನೀವು ಮೊದಲು ಕೆಳಗಿಳಿದು ನಿಲ್ಲಿ. ಅವರು ಮುಖ ಬೋಗಿ ಕಡೆ, ಬೆನ್ನು ಪ್ಲಾಟ್‌ಫಾರ್ಮ್ ಕಡೆ ಮಾಡಿ, ಸರಳು ಬಿಡದೆ, ನೋವಿನ ಕಾಲು ಮೊದಲು ಕೆಳಗೆ ಇಡಬೇಕು. ಪ್ಲಾಟ್‌ಫಾರ್ಮ್ ತಗ್ಗಾಗಿರುವ ಚಿಕ್ಕ ನಿಲ್ದಾಣಗಳಲ್ಲಿ ಎರಡು ಮೂರು ಮೆಟ್ಟಿಲು ಇಳಿಯಬೇಕಾಗುತ್ತೆ. ಅಂಥಲ್ಲಿ ಟೀ ಕುಡಿಯೋಕೆ ಅಂತ ಹಿರಿಯರನ್ನ ಇಳಿಸಬೇಡಿ, ಟೀಯನ್ನ ಅವರ ಹತ್ತಿರ ತನ್ನಿ.

ಬೋಗಿ ಎಲ್ಲಿ ನಿಲ್ಲುತ್ತೆ ಅಂತ ಮುಂಚೆ ಕೇಳಿಕೊಳ್ಳಿ. ಈಗಿನ ಹೊಸ ನಮೂನೆಯ (ಎಲ್‌ಎಚ್‌ಬಿ) ಒಂದು ಬೋಗಿ 23 ಮೀಟರ್ ಮೇಲೆ, 22 ಬೋಗಿ ಅಂದರೆ ಅರ್ಧ ಕಿಲೋಮೀಟರ್. ತಪ್ಪು ತುದಿಯಲ್ಲಿ ನಿಂತರೆ ಅವ್ವನನ್ನ ಓಡಿಸಬೇಕಾಗುತ್ತೆ. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸೋ ಯೋಜನೆ ಇದ್ದರಂತೂ ವೀಲ್‌ಚೇರ್ ಇಲ್ಲದೆ ಆಗಲ್ಲ, ಅಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿಗೇ ಉದ್ದದ್ದು. ಸ್ಟೇಷನ್ ಮಾಸ್ಟರ್ ಕಚೇರಿಯಲ್ಲಿ ಕೇಳಿದರೆ ವೀಲ್‌ಚೇರ್ ಸಿಗುತ್ತೆ, ತಳ್ಳೋಕೆ ಕೂಲಿಯವರಿಗೆ ದುಡ್ಡು ಕೊಡಬೇಕು. ರಾಯಚೂರಿನವರಿಗೆ ಗುಂತಕಲ್‌ನಲ್ಲಿ ಗಾಡಿ ಬದಲಿಸೋದು ಇದ್ದೇ ಇದೆ. ಎರಡು ಗಾಡಿ ನಡುವೆ ಮೂರ್ನಾಲ್ಕು ಗಂಟೆ ಬಿಡಿ, ಎರಡೂ ಟಿಕೆಟ್‌ನ ಪಿಎನ್‌ಆರ್ ನಂಬರ್ ಲಿಂಕ್ ಮಾಡಿಸಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಆಗ ಹಣ ವಾಪಸ್ ಕೇಳಬಹುದು.

ಶೌಚಾಲಯದ ಮಾತು ಯಾರೂ ಬಾಯಿಬಿಟ್ಟು ಆಡಲ್ಲ, ಆದರೆ ಹಿರಿಯರ ಅರ್ಧ ಪ್ರವಾಸ ಹಾಳಾಗೋದು ಅದರಿಂದಲೇ. ಪದೇ ಪದೇ ಹೋಗಬೇಕಾಗುತ್ತೆ ಅಂತ ಹೆದರಿ ಅವರು ನೀರು ಕುಡಿಯೋದೇ ಬಿಡ್ತಾರೆ. ಮರುದಿನ ತಲೆಸುತ್ತು, ಉರಿಮೂತ್ರ, ಮಲಬದ್ಧತೆ. ಗಂಟೆಗೊಮ್ಮೆ ಅರ್ಧ ಲೋಟ ಕುಡಿಸಿ. ಹೃದಯದ ತೊಂದರೆಗೆ ನೀರಿನ ಅಳತೆ ಹೇಳಿದ್ದರೆ ಆ ಅಳತೆ ಮೀರಬೇಡಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಪ್ರಯಾಣದ ದಿನ ಅದರ ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನ ಕೇಳಿ, ನೀವೇ ನಿಲ್ಲಿಸಬೇಡಿ. ಗಾಡಿ ನಿಂತಾಗ ಶೌಚಾಲಯಕ್ಕೆ ಹೋಗಬಾರದು ಅನ್ನೋದು ಹಳಿ ಮೇಲೆ ಬೀಳುತ್ತಿದ್ದ ಕಾಲದ ನಿಯಮ. ಈಗ ಬಯೋ ಟಾಯ್ಲೆಟ್, ಬೋಗಿಯ ಕೆಳಗಿನ ತೊಟ್ಟಿಗೆ ಬೀಳುತ್ತೆ. ಹಿರಿಯರಿಗೆ ನಿಂತಾಗ ಹೋಗೋದೇ ಕ್ಷೇಮ, ಓಲಾಟ ಇರಲ್ಲ. ಘಾಟ್ ಶುರುವಾಗೋ ಮುಂಚೆ ಕುಳೆಂನಲ್ಲಿ ಎಂಜಿನ್ ಕಟ್ಟೋಕೆ ಗಾಡಿ ನಿಲ್ಲುತ್ತೆ, ಆ ಹೊತ್ತು ಬಳಸಿಕೊಳ್ಳಿ. ಕಮೋಡ್ ಬೋಗಿಯ ಯಾವ ತುದಿಗಿದೆ ಅಂತ ಹತ್ತಿದ ಕೂಡಲೇ ನೋಡಿಟ್ಟುಕೊಳ್ಳಿ.

ಮಾತ್ರೆಗಳು ಸೀಟಿನ ಕೆಳಗಿನ ಸೂಟ್‌ಕೇಸಿನಲ್ಲಿ ಬೇಡ, ಅವ್ವನ ಕೈಚೀಲದಲ್ಲೇ ಇರಲಿ, ಎರಡು ದಿನಕ್ಕೆ ಹೆಚ್ಚೇ ಇರಲಿ. ಇನ್ಸುಲಿನ್ ಇದ್ದರೆ ಬಾಯಗಲದ ಥರ್ಮಾಸ್‌ನಲ್ಲಿ ಬಟ್ಟೆ ಸುತ್ತಿ ಇಡಿ. ಐಸ್ ನೇರ ತಾಗಿ ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬರಲ್ಲ, ನಮ್ಮ ಬಿಸಿಲಿಗೆ ಕಿಟಕಿ ಹತ್ತಿರ ಇಟ್ಟದ್ದೂ ಅಷ್ಟೇ. ಕೂತು ಕೂತು ಕಾಲು ಬಾವು ಬರುತ್ತೆ, ಗಂಟೆಗೊಮ್ಮೆ ಪಾದವನ್ನ ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಲಿ. ಬುತ್ತಿಗೆ ಮೆತ್ತನೆ ರೊಟ್ಟಿ, ಪಲ್ಯ, ಬೇಗ ತಿನ್ನೋದಾದರೆ ಒಗ್ಗಾಣಿ. ಮಿರ್ಚಿ, ಕಡ್ಲಿಬ್ಯಾಳಿ ವಡೆ ಆ ದಿನ ಬೇಡ, ಹೊಟ್ಟೆ ಉಬ್ಬರಿಸಿ ಕೂರೋಕಾಗಲ್ಲ. ಉಪ್ಪು ಜಾಸ್ತಿ ಇರೋ ಚಟ್ನಿಪುಡಿ ಬಿಪಿಯವರಿಗೆ ಚಿಟಿಕೆ ಸಾಕು.

ಯಾವ ತಿಂಗಳು? ಜುಲೈ, ಆಗಸ್ಟ್‌ನಲ್ಲಿ ನೀರು ಭರ್ಜರಿ, ಆದರೆ ಗುಡ್ಡ ಕುಸಿಯೋ ತಿಂಗಳೂ ಅದೇ. 2021ರ ಜುಲೈ 23ಕ್ಕೆ ದೂಧ್‌ಸಾಗರ–ಸೋನಾಳಿ ನಡುವೆ ಮಣ್ಣು ಕುಸಿದು ಪ್ಯಾಸೆಂಜರ್ ಗಾಡಿ ಹಳಿ ತಪ್ಪಿತ್ತು. 2024ರ ಆಗಸ್ಟ್‌ನಲ್ಲಿ ಗೂಡ್ಸ್ ಹಳಿ ತಪ್ಪಿ ಈ ದಾರಿಯ ಗಾಡಿಗಳು ರದ್ದಾದವು. ಯುವಕರಾದರೆ ಬಸ್ಸು ಹಿಡಿದು ಬರ್ತಾರೆ, ಹಿರಿಯರಿಗೆ ಘಾಟ್ ರಸ್ತೆಯ ರಾತ್ರಿ ಬಸ್ಸು ಶಿಕ್ಷೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಇಟ್ಕೊಳ್ಳಿ. ನೀರು ಇನ್ನೂ ಇರುತ್ತೆ, ಮಳೆ ಇಳಿದಿರುತ್ತೆ.

ಕುಳೆಂನಿಂದ ಜಲಪಾತದ ಬುಡಕ್ಕೆ ಹೋಗುವ ಜೀಪಿಗೆ ಹಿರಿಯರನ್ನ ಹತ್ತಿಸಬೇಡಿ. ಕಾಡಿನ ಕಲ್ಲುದಾರಿ, ಹಳ್ಳ ದಾಟೋದು, ಕೊನೆಗೆ ಬಂಡೆಗಳ ಮೇಲೆ ನಡಿಗೆ. ದೂಧ್‌ಸಾಗರ ನಿಲ್ದಾಣದಲ್ಲಿ ಗಾಡಿ ನಿಂತರೂ ಪ್ರಯಾಣಿಕರು ಇಳಿಯುವಂತಿಲ್ಲ, ದಂಡ ಬೀಳುತ್ತೆ.

ಸಕಲೇಶಪುರ–ಸುಬ್ರಹ್ಮಣ್ಯ ಘಾಟ್ ಕೂಡ ಒಳ್ಳೇದೇ, 55 ಕಿಲೋಮೀಟರ್, 57 ಸುರಂಗ. ಯಶವಂತಪುರದಿಂದ ಹೊರಡುವ ಗಾಡಿಗೆ 2021ರಿಂದ ಗಾಜಿನ ವಿಸ್ಟಾಡೋಮ್ ಬೋಗಿಯೂ ಇದೆ. ಆದರೆ ನಮ್ಮ ಕಡೆಯವರು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೋಗಿ, ಬೆಂಗಳೂರಲ್ಲಿ ಒಂದು ದಿನ ಸುಧಾರಿಸಿಕೊಂಡು ಹತ್ತಬೇಕು. ಅದೇ ಬೆಳಿಗ್ಗೆ ಹತ್ತಿಸಿದರೆ ಅವ್ವ ಸುರಂಗ ಬರುವ ಹೊತ್ತಿಗೆ ನಿದ್ದೆ ಹೋಗಿರ್ತಾರೆ. ಊಟಿಯ ಹಲ್ಲುಹಳಿ ಗಾಡಿ ಮೆಟ್ಟುಪಾಳ್ಯಂನಿಂದ 46 ಕಿಲೋಮೀಟರ್‌ಗೆ ಐದು ಗಂಟೆ ತಗೊಳ್ಳುತ್ತೆ, ಸೀಟು ಇಕ್ಕಟ್ಟು, ಬೋಗಿಯಲ್ಲಿ ಶೌಚಾಲಯ ಇಲ್ಲ. ಹೋಗಲೇಬೇಕು ಅಂದರೆ ಕೂನೂರಿನಿಂದ ಊಟಿಗೆ ಮಾತ್ರ ಹತ್ತಿಸಿ.

ಗೋವಾಕ್ಕೆ ಹೋದ ದಿನ ಬರೀ ವಿಶ್ರಾಂತಿ, ಮರುದಿನ ಒಂದೇ ಒಂದು ಜಾಗ, ಮೂರನೇ ಬೆಳಿಗ್ಗೆ ವಾಸ್ಕೋದಿಂದ ಗಾಡಿ. ಗಾಡಿಯಲ್ಲಿ ಏನಾದರೂ ತೊಂದರೆಯಾದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ ಪಿಎನ್‌ಆರ್, ಬೋಗಿ, ಬರ್ತ್ ನಂಬರ್ ಹೇಳಿ. ಘಾಟ್ ಒಳಗೆ ಸಿಗ್ನಲ್ ಸಿಗಲ್ಲ ಅಂತಲೇ ಲೆಕ್ಕ ಹಾಕಿ, ಅವ್ವನ ಮೈಯಲ್ಲಿ ಆರಾಮ ಇಲ್ಲ ಅನಿಸಿದರೆ ಕುಳೆಂ ಬಿಡುವ ಮುಂಚೆಯೇ ಹೇಳಿಬಿಡಿ. ಘಾಟ್ ಮುಗಿದು ಲೋಂಡಾ, ಧಾರವಾಡ ದಾಟಿದ ಮೇಲೆ ಅವ್ವನಿಗೆ ಹಾಸಿಗೆ ಬಿಡಿಸಿಕೊಡಿ. ಕೊಪ್ಪಳ ದಾಟಿ ಮುನಿರಾಬಾದ್ ಆದ ಮೇಲೆ ತುಂಗಭದ್ರೆಯ ಸೇತುವೆ ಬರುತ್ತೆ, ಹೊಸಪೇಟೆಯಲ್ಲಿ ಇಳಿಯೋರು ಅಲ್ಲಿಗೆ ಚೀಲ ಕಟ್ಟಿ, ಚಪ್ಪಲಿ ಹಾಕಿಸಿ, ಬಾಗಿಲ ಹತ್ತಿರದ ಸೀಟಿಗೆ ಅವ್ವನನ್ನ ತಂದು ಕೂರಿಸಿರಬೇಕು.